ಮೆಜೋಟಿಂಟ್ ಭಾವಚಿತ್ರಗಳು: ಅನುಕೃತಿಯೋ, ಕೃತಿಯೋ?

ಬಿಳಿಯ ಹಾಳೆಯ ಮೇಲೆ ಕಪ್ಪು ಗೆರೆಯನ್ನೆಳೆಯುವುದು ಚಿತ್ರಕಾರರ ಸಾಮಾನ್ಯ ಕ್ರಮ. ಕತ್ತಲೆಯನ್ನೇ ಮೊದಲು ಹರಡಿ, ಅದರಿಂದ ಬೆಳಕನ್ನು ಹೊರತೆಗೆಯುವ ವಿಪರೀತಕ್ರಮವು ಮೆಜೋಟಿಂಟ್ ಎಂಬ ಮುದ್ರಣಕಲೆಯದು. ಲುಡ್ವಿಗ್ ಫಾನ್ ಸೀಗೆನ್ ಎಂಬವನು 1642ರಲ್ಲಿ ಜರ್ಮನ್ ಸಂಸ್ಥಾನವೊಂದರ ಒಡತಿ ಅಮೇಲಿಯಾ ಎಲಿಜಬೆತಳ ಭಾವಚಿತ್ರದಿಂದ ಇದಕ್ಕೆ ನಾಂದಿಯನ್ನು ಹಾಡಿದನು. ರಾಜಕುಮಾರ ರೂಪರ್ಟನ ಮೂಲಕ ಈ ವಿದ್ಯೆಯು ಇಂಗ್ಲೆಂಡಿನಲ್ಲಿ ಪ್ರಸಿದ್ಧವಾಯಿತು. ಜಾನ್ ಈವ್ಲಿನ್ನನು 1662ರ ತನ್ನ ‘ಸ್ಕಲ್ಪ್ಚುರಾ’ ಗ್ರಂಥದಲ್ಲಿ ರೂಪರ್ಟನ ಮುದ್ರಾಚಿತ್ರವೊಂದನ್ನು ಸೇರಿಸಿದನಾದರೂ, ಅದರ ರಹಸ್ಯವನ್ನು ಮಾತ್ರ ಬೇಕೆಂದೇ ಬಿಡಿಸಿ ಹೇಳಲಿಲ್ಲ. 1669ರಲ್ಲಿ ವಿಲಿಯಂ ಷರ್ವಿನ್ನನು ಎರಡನೆಯ ಚಾರ್ಲ್ಸ್ ದೊರೆಯ ಚಿತ್ರವನ್ನು ಈ ರೀತಿಯಲ್ಲಿ ಪ್ರಕಟಿಸಿದನು.

ಆ ರಹಸ್ಯವಾದರೋ ಇಷ್ಟೇ. ಬಾಗಿದ ಅಂಚಿನಲ್ಲಿ ಸಣ್ಣ ಹಲ್ಲುಗಳುಳ್ಳ ಉಪಕರಣವನ್ನು ತಾಮ್ರದ ತಗಡಿನ ಮೇಲೆ ತೊಟ್ಟಿಲಿನಂತೆ ತೂಗುತ್ತ, ನಾನಾ ದಿಕ್ಕುಗಳಿಂದ ನಡೆಯಿಸಿ ತಗಡನ್ನೆಲ್ಲ ಒರಟು ಮಾಡುವರು. ಆಗ ಮಸಿಯನ್ನು ಬಳಿದು ಒತ್ತಿದರೆ ಮೂಡುವುದು ಕೇವಲ ಗಾಢಾಂಧಕಾರ. ಬಳಿಕ ಬೇಕಾದಲ್ಲಿ ಹೆರೆದು ಉಜ್ಜಿ ನಯಗೊಳಿಸಿದಷ್ಟೂ ಮಸಿ ನಿಲ್ಲದೆ ಬೆಳಕು ಮೂಡುವುದು.

ಇಂತಹ ಚಿತ್ರಗಳಲ್ಲಿ ಹೆಚ್ಚಿನವು ಲೀಲಿ, ನೆಲ್ಲರ್ ಮೊದಲಾದವರ ವರ್ಣಚಿತ್ರಗಳನ್ನು ಅನುಸರಿಸಿದವು. ಆದುದರಿಂದ ಇವು ನಕಲುಗಳೆಂಬ ಆಕ್ಷೇಪವುಂಟು. ಈ ಆಕ್ಷೇಪವು ಯುಕ್ತವಲ್ಲ. ಮೂಲಕಾರನಿಗೆ ಸಕಲ ವರ್ಣಗಳೂ ಉಂಟು; ಇವನಿಗಿರುವುದು ಒಂದೇ ಮಸಿ. ಕೆಂಪು ರೇಷ್ಮೆಗೆ ಎಷ್ಟು ಕಪ್ಪು, ನೀಲಿ ಮಖಮಲ್ಲಿಗೆ ಎಷ್ಟು ಕಪ್ಪು ಎಂಬ ವಿವೇಕವು ಇವನ ಸ್ವಂತದ್ದು. ಉತ್ತಮ ವ್ಯಾಖ್ಯಾನಕಾರನು ಶ್ಲೋಕವನ್ನು ಹೊಸದಾಗಿ ಕಟ್ಟುವುದಿಲ್ಲ; ಆದರೂ ಅವನ ಪ್ರತಿಭೆಯನ್ನು ಅಲ್ಲಗಳೆಯುವವರಾರು?

ಇದನ್ನು ಮೂಲಕಾರನೇ ಒಪ್ಪಿದಂತಿದೆ. ನೆಲ್ಲರನು 1696ರಲ್ಲಿ ಮುದ್ರಾಚಿತ್ರಕಾರ ಜಾನ್ ಸ್ಮಿತ್‌ನ ಭಾವಚಿತ್ರವನ್ನು ಬರೆದನು. ಅದರಲ್ಲಿ ಸ್ಮಿತ್‌ನ ಕೈಯಲ್ಲಿರುವುದು ಅವನೇ ರಚಿಸಿದ ನೆಲ್ಲರನ ಮೆಜೋಟಿಂಟ್! ಸ್ಮಿತ್ತನು 1716ರಲ್ಲಿ ಆ ವರ್ಣಚಿತ್ರವನ್ನೂ ಮೆಜೋಟಿಂಟಾಗಿಸಿದನು. ಇಲ್ಲಿ ಸೇವಕನಾರು, ಒಡೆಯನಾರು?

ದೋಷಗಳೂ ಇಲ್ಲದಿಲ್ಲ. ಛಾಯೆಯ ಮಾರ್ದವವು ಟೋಪಿಗೂದಲು, ವಸ್ತ್ರಗಳಿಗೆ ಒಪ್ಪುವಷ್ಟು ಮುಖದ ದೃಢರೇಖೆಗಳಿಗೆ ಒಪ್ಪದು. ಅಲ್ಲದೆ ಒತ್ತುಯಂತ್ರದ ಭಾರಕ್ಕೆ ತಗಡಿನ ಒರಟುತನವು ಬೇಗನೆ ಸವೆಯುವುದರಿಂದ ತರುವಾಯದ ಪ್ರತಿಗಳು ಬಿಳಿಚಿಕೊಳ್ಳುವುವು. ಅಂತಹ ಸವೆದ ಪ್ರತಿಯೊಂದನ್ನು ನೋಡಿ ಈ ಕಲೆಯನ್ನೇ ಹಳಿಯುವುದು, ಲೇಖಕಪ್ರಮಾದಗಳಿಂದ ಕೆಟ್ಟ ಓಲೆಯನ್ನೋದಿ ಕವಿಯನ್ನು ನಿಂದಿಸಿದಂತೆ. ಮೊದಲ ಪ್ರತಿಗಳನ್ನು ಕಂಡು ತೀರ್ಪು ಕೊಡುವುದೇ ಸಹೃದಯರಿಗೆ ಉಚಿತವಾದ ಮಾರ್ಗವು.