ಅಳುವ ನುಡಿ, ಬರೆಯುವ ನುಡಿ

ಎಡ್ಗರ್ ಲೀ ಮಾಸ್ಟರ್ಸ್‌ನ 'ಸ್ಪೂನ್ ರಿವರ್ ಆಂಥಾಲಜಿ'ಯಲ್ಲಿ (1915) ಇಲಿನಾಯ್‌ನ ಕಲ್ಪಿತ ಊರೊಂದರ ಇನ್ನೂರಕ್ಕೂ ಹೆಚ್ಚು ಮೃತರು ಗೋರಿಯೊಳಗಿಂದ ಮಾತಾಡುತ್ತಾರೆ. ಪ್ಯಾಂಟಿಯರ್ ದಂಪತಿಗಳು ತಮ್ಮ ದಾಂಪತ್ಯದ ಬಗೆಗೆ ಪರಸ್ಪರ ವಿರುದ್ಧ ಸಾಕ್ಷ್ಯ ನುಡಿದರೂ ಇಬ್ಬರ ಭಾಷೆ ಒಂದೇ. ಹಿಂದೂಪುರ, ಕಲ್ಯಾಣದುರ್ಗಗಳಿಂದ ಓದಿದಾಗ ಈ ಏಕಭಾಷಿಕತೆಯೇ ಕೃತಿಯ ಮಿತಿಯೆನಿಸುತ್ತದೆ. 1918ರ ಇನ್‌ಫ್ಲುಯೆಂಜಾ ಮದ್ರಾಸ್ ಪ್ರಾಂತ್ಯವನ್ನು ವ್ಯಾಪಿಸಿದಾಗ ಎಷ್ಟೋ ಸಾವುಗಳು ಸರ್ಕಾರಿ ಲೆಕ್ಕದಲ್ಲಿ ಬರಿಯ 'ಜ್ವರ'ವಾದವು. ಮನೆಯಲ್ಲಿ ಕನ್ನಡ, ಸಂತೆ ಕಚೇರಿಗಳಲ್ಲಿ ತೆಲುಗು ಬಳಸುವ ಗಡಿಯ ಕುಟುಂಬಗಳಿಗೆ ಅಳುವ ನುಡಿಯೊಂದು, ಸಾವು ದಾಖಲಾಗುವ ನುಡಿ ಮತ್ತೊಂದು. ಹೆಣದ ಮುಂದೆ ಹೆಂಗಸರು ಹಾಡಿಕೊಂಡು ಅಳುವಾಗ ಸತ್ತವರ ಗುಣ, ಮನೆಯ ಮುನಿಸು, ತೀರದ ಋಣ ಎಲ್ಲವೂ ಹೊರಬರುತ್ತವೆ. ಮಾಸ್ಟರ್ಸ್ ಗೋರಿಗಳಿಗೆ ಕೊಟ್ಟ ಬಾಯಿ ಇಲ್ಲಿ ಬದುಕುಳಿದವರದು. ಅದನ್ನು ಕೇಳದೆ, ಕಾಗದವನ್ನಷ್ಟೇ ನಂಬಿ ಬರೆದ ಗಡಿನಾಡಿನ ಚರಿತ್ರೆಯಲ್ಲಿ ಸಂಖ್ಯೆಗಳಿದ್ದಾವು, ಸಂಸಾರಗಳಿರಲಾರವು.