ಜನರಿಲ್ಲದ ಘಟ್ಟ: ರಾಮಕುಮಾರರ ಕಾಶೀ ಚಿತ್ರಗಳು

ಕಾಶಿಯ ಚಿತ್ರವೆಂದೊಡನೆ ತಮ್ಮ ಕಣ್ಣೆದುರು ಏನು ಸುಳಿಯುತ್ತದೆ? ಸೋಪಾನಗಳ ಮೇಲಿನ ಜನಸಂದಣಿ, ದೋಣಿಗಳು, ದೀಪಗಳು, ದೇವಾಲಯದ ಶಿಖರಗಳು. ಖ್ಯಾತ ಚಿತ್ರಕಾರ ರಾಮಕುಮಾರರ ಕಾಶಿಯಲ್ಲಿ ಈ ಸಂಭ್ರಮವಿಲ್ಲ. ಮನುಷ್ಯನ ಸುಳಿವೂ ಇಲ್ಲ. ‘ಇದೆಂಥ ಕಾಶಿ?’ ಎಂದು ಭಕ್ತನೊಬ್ಬನು ಕೇಳಿದರೆ ಆ ಪ್ರಶ್ನೆಯನ್ನು ಅಲ್ಲಗಳೆಯುವಂತಿಲ್ಲ. ಉತ್ತರವನ್ನು ಮಾತ್ರ ಚಿತ್ರಗಳಲ್ಲಿಯೇ ಅರಸಬೇಕು.

1924ರಲ್ಲಿ ಸಿಮ್ಲಾದಲ್ಲಿ ಜನಿಸಿ 2018ರಲ್ಲಿ ದಿವಂಗತರಾದ ರಾಮಕುಮಾರರು ಹಿಂದಿಯ ಕಥೆಗಾರರೂ ಹೌದು. ಪ್ಯಾರಿಸ್ಸಿನಲ್ಲಿ ಆಂದ್ರೆ ಲೋತ್ ಮತ್ತು ಫೆರ್ನಾ ಲೆಜೆಯವರಲ್ಲಿ ಅಭ್ಯಾಸ ಮಾಡಿ ಬಂದು, 1950ರ ದಶಕದಲ್ಲಿ ನಗರದ ಒಂಟಿ ಜೀವಗಳ ಮ್ಲಾನ ಮುಖಗಳನ್ನು ಚಿತ್ರಿಸಿದರು. 1960ರಲ್ಲಿ ಎಂ. ಎಫ್. ಹುಸೇನರೊಡನೆ ಕಾಶಿಗೆ ಹೋಗಿಬಂದ ಮೇಲೆ ಅವರ ಚಿತ್ರಗಳಿಂದ ಮನುಷ್ಯಾಕೃತಿಯು ಮರೆಯಾಯಿತು.

ಈ ಸರಣಿಯ ಮೊದಮೊದಲಿನ ಚಿತ್ರಗಳಲ್ಲಿ ಮನೆಗಳು ಒಂದನ್ನೊಂದು ಒತ್ತಿ ನಿಂತ ಚೌಕಗಳಾಗಿವೆ. ಬೂದು, ಕಂದು, ಕಪ್ಪು, ಮಾಸಿದ ಬಿಳುಪು ಇವೇ ಪ್ರಧಾನ ವರ್ಣಗಳು. ಆಕಾರವನ್ನು ಪೂರ್ತಿಯಾಗಿ ತೊರೆದಿಲ್ಲ, ಪೂರ್ತಿಯಾಗಿ ತೋರಿಸಿಯೂ ಇಲ್ಲ. ನೀರು ಎಲ್ಲಿ ಮುಗಿದು ದಡ ಎಲ್ಲಿ ತೊಡಗಿತೆಂದು ಹೇಳುವುದು ಹಲವೆಡೆ ಕಷ್ಟ. ಈ ಅಸ್ಪಷ್ಟತೆಯಿಂದಲೇ ಚಿತ್ರದ ಭಾವವು ಹುಟ್ಟುತ್ತದೆ. ಅಲ್ಲೊಂದು ಶೋಕತಪ್ತ ಮುಖವಿದ್ದಿದ್ದರೆ ನಾವು ಅದಕ್ಕಾಗಿ ಮರುಗಿ ಮುಂದೆ ಸಾಗುತ್ತಿದ್ದೆವು. ಮುಖವಿಲ್ಲವಾದುದರಿಂದ ಆ ಶೋಕವು ಗೋಡೆಗೂ ನೀರಿಗೂ ವ್ಯಾಪಿಸಿದೆ. ಆ ನಿರ್ಜನ ದಡದಲ್ಲಿ ನೋಡುಗನೊಬ್ಬನೇ ನಿಂತಂತಾಗುತ್ತದೆ. ಕಾಶಿಗೆ ಹೋದವರು ಕಡೆಗೆ ಎದುರಿಸಬೇಕಾದುದೂ ಇಂತಹ ಏಕಾಂತವನ್ನೇ ಅಲ್ಲವೆ?

ಆದರೂ ಒಂದು ಮಾತನ್ನು ಹೇಳದಿರಲಾಗದು. ಕಾಶಿಯು ಕೇವಲ ಮರಣದ ಊರಲ್ಲ. ಅದು ನೇಕಾರರ, ಅಂಬಿಗರ, ಪ್ರಾತಃಸ್ನಾನದ ಉಲ್ಲಾಸದ ಊರೂ ಹೌದು. ಆ ಉಲ್ಲಾಸಕ್ಕೆ ಈ ಬೂದು ಬಣ್ಣದಲ್ಲಿ ಎಡೆ ದೊರೆತಿಲ್ಲ. ಮುಂದೆ ಅವರು ಅಮೂರ್ತದತ್ತ ಇನ್ನಷ್ಟು ಸರಿದಾಗ ವರ್ಣಗಳ ಸೊಗಸು ಹೆಚ್ಚಿತಾದರೂ, ಊರಿನ ಹಂಗು ಕಳಚಿದ ಕೆಲವು ಚಿತ್ರಗಳಲ್ಲಿ ಮೊದಲಿನ ಬಿಗಿ ಸಡಿಲವಾದಂತೆ ನಮಗೆ ತೋರುತ್ತದೆ. ಊರು ಅಳಿಯುತ್ತಲೂ ಉಳಿಯುತ್ತಲೂ ಇರುವ ಗಡಿಯಲ್ಲಿಯೇ ಅವರ ಕುಂಚಕ್ಕೆ ಹೆಚ್ಚಿನ ಶಕ್ತಿ.

ರಾಮಕುಮಾರರ ಚಿತ್ರವೊಂದು ಎಂದಾದರೂ ತಮಗೆ ಕಾಣಸಿಕ್ಕರೆ, ಅದು ಯಾವ ಘಟ್ಟವೆಂದು ಮೊದಲೇ ಕೇಳಬೇಡಿರಿ. ಸ್ವಲ್ಪ ಹೊತ್ತು ಮೌನವಾಗಿ ಅದರ ಮುಂದೆ ನಿಲ್ಲಿರಿ. ಭಕ್ತನು ಕೇಳಿದ ಪ್ರಶ್ನೆಗೆ ಆಗ ತಮ್ಮದೇ ಆದ ಉತ್ತರವು ದೊರೆತೀತು.