ಅನಾಮಧೇಯ ಕ್ರೈಸ್ತ: ಒಂದು ಹೆಸರಿನ ವಿಮರ್ಶೆ

ಕ್ರಿಸ್ತರನ್ನು ವಿಶ್ವಾಸಿಸದವರಿಗೂ ಜೀವೋದ್ಧಾರವುಂಟೇ ಎಂಬ ಪ್ರಶ್ನೆಗೆ ನಮ್ಮ ಗುರುಮಠಗಳಲ್ಲಿ ಸಿದ್ಧವಾದ ಉತ್ತರವೊಂದಿದೆ. ಪರೀಕ್ಷೆಯಲ್ಲಿ ಈ ಪ್ರಶ್ನೆಯನ್ನು ಕೇಳಿದಾಗಲೆಲ್ಲ ಬಹುಪಾಲು ಉತ್ತರಪತ್ರಿಕೆಗಳು ಕಾರ್ಲ್ ರಾನರ್ ಅವರ ‘ಅನಾಮಧೇಯ ಕ್ರೈಸ್ತ’ ಎಂಬ ಮಾತಿಗೆ ಬಂದು ನಿಲ್ಲುತ್ತವೆ. ಅದರಾಚೆಗೆ ಕೇಳಬೇಕಾದುದೇನೂ ಉಳಿದಿಲ್ಲವೆಂಬಂತೆ ಅಡಿಗೆರೆ ಎಳೆದು ಮುಗಿಸುತ್ತವೆ. ಅರವತ್ತು ವರ್ಷಗಳ ಹಿಂದೆ ಸಾಹಸವೆನಿಸಿದ್ದ ವಿಚಾರವು ಇಂದು ಹೀಗೆ ಆಲಸ್ಯಕ್ಕೆ ಆಸರೆಯಾಗಿರುವುದರಿಂದ ಅದನ್ನು ಮತ್ತೊಮ್ಮೆ ಒರೆಗೆ ಹಚ್ಚುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಮೊದಲು ರಾನರ್ ಅವರಿಗೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸೋಣ. ಅವರ ವಾದ ಹುಟ್ಟುವುದು ತಿಮೊಥೇಯನಿಗೆ ಬರೆದ ಮೊದಲನೆಯ ಪತ್ರದ ಎರಡನೆಯ ಅಧ್ಯಾಯದಿಂದ. ಅಲ್ಲಿ ಎರಡು ಮಾತುಗಳು ಒಂದರ ಪಕ್ಕದಲ್ಲೊಂದು ನಿಂತಿವೆ: ಸಕಲ ಮಾನವರೂ ಉದ್ಧಾರ ಹೊಂದಬೇಕೆಂಬುದು ದೇವರ ಸಂಕಲ್ಪ, ದೇವರಿಗೂ ಮಾನವರಿಗೂ ಮಧ್ಯಸ್ಥರು ಯೇಸುಕ್ರಿಸ್ತರೊಬ್ಬರೇ. ದೇವರ ಸಂಕಲ್ಪ ಬರಿಯ ಬಯಕೆಯಲ್ಲ; ಆದುದರಿಂದ ಕೃಪೆಯ ಆಹ್ವಾನವು ಪ್ರತಿಯೊಬ್ಬ ಮನುಷ್ಯನನ್ನೂ ನಿಜವಾಗಿ ತಲಪಲೇಬೇಕು. ಆ ಕೃಪೆ ಕ್ರಿಸ್ತರದ್ದೇ ಹೊರತು ಬೇರೊಂದಲ್ಲ. ಹಾಗಾದರೆ ತನ್ನ ಅಂತಃಸಾಕ್ಷಿಯ ಕರೆಗೆ ಪ್ರಾಮಾಣಿಕವಾಗಿ ಓಗೊಡುವವನು, ಕ್ರಿಸ್ತರ ಹೆಸರನ್ನೇ ಅರಿಯದಿದ್ದರೂ, ಕ್ರಿಸ್ತರ ಕೃಪೆಗೇ ಓಗೊಡುತ್ತಿದ್ದಾನೆ. ಇದು ಎಲ್ಲ ಧರ್ಮಗಳೂ ಸಮಾನವೆನ್ನುವ ವಾದವಲ್ಲ. ಹಾಗೆಂದು ರಾನರ್ ಅವರ ಮೇಲೆ ಆರೋಪ ಹೊರಿಸುವವರು ಅವರನ್ನು ಓದಿಲ್ಲವೆಂದೇ ಹೇಳಬೇಕಾಗುತ್ತದೆ.

ಇದು ಪರಂಪರೆಯ ವಿರುದ್ಧ ಎದ್ದ ದನಿಯೂ ಅಲ್ಲ. ಧರ್ಮಸಭೆಯ ಹೊರಗೆ ಜೀವೋದ್ಧಾರವಿಲ್ಲವೆಂಬ ಸೂತ್ರವನ್ನು ಮೂರನೆಯ ಶತಮಾನದಲ್ಲಿ ಕಾರ್ಥೇಜಿನ ಧರ್ಮಾಧ್ಯಕ್ಷ ಸಿಪ್ರಿಯಾನರು ಮುಂದಿಟ್ಟದ್ದು ಸಭೆಯನ್ನು ಒಡೆದು ಹೊರಹೋದವರನ್ನು ಕಣ್ಣ ಮುಂದಿರಿಸಿಕೊಂಡು. 1442ರಲ್ಲಿ ಫ್ಲೋರೆನ್ಸ್ ಮಹಾಸಭೆ ಅದನ್ನು ಯೆಹೂದ್ಯರಿಗೂ ಅನ್ಯಧರ್ಮೀಯರಿಗೂ ಅತ್ಯಂತ ಕಠೋರವಾಗಿ ಅನ್ವಯಿಸಿತು. ಈ ಕಠೋರತೆಯನ್ನು ಮರೆಮಾಚುವ ಅಗತ್ಯ ನಮಗಿಲ್ಲ. ಐವತ್ತು ವರ್ಷಗಳಲ್ಲಿ ಅಮೆರಿಕ ಖಂಡವು ಯುರೋಪಿನ ಕಣ್ಣಿಗೆ ಬಿದ್ದಾಗ, ಶುಭಸಂದೇಶದ ಸದ್ದೇ ಕೇಳದ ಜನಾಂಗಗಳು ಸಾವಿರಾರು ವರ್ಷಗಳಿಂದ ಬಾಳಿದ್ದುದು ಅರಿವಾಗಿ ಆ ಅನ್ವಯ ಅಲುಗಾಡಿತು. 1547ರಲ್ಲಿ ತ್ರೆಂತ್ ಮಹಾಸಭೆ ದೀಕ್ಷಾಸ್ನಾನದ ಬಯಕೆಯ ಮಾತನ್ನಾಡಿತು. 1863ರಲ್ಲಿ ಒಂಬತ್ತನೆಯ ಪಿಯುಸರು ತಮ್ಮ ತಪ್ಪಿಲ್ಲದೆ ಅರಿಯದವರ ಬಗ್ಗೆ ಬರೆದರು. ಹೊರಗಿನವರಿಗೆ ಉದ್ಧಾರವೇ ಇಲ್ಲವೆಂದು ಹಟ ಹಿಡಿದ ಬಾಸ್ಟನ್ನಿನ ಗುರು ಲಿಯೊನಾರ್ಡ್ ಫೀನಿಯವರ ಅರ್ಥವಿವರಣೆಯನ್ನು ರೋಮ್ 1949ರಲ್ಲಿ ತಿರಸ್ಕರಿಸಿತು. 1964ರ ‘ಲೂಮೆನ್ ಜೆನ್ಸಿಯುಂ’ ತನ್ನ 16ನೆಯ ಪರಿಚ್ಛೇದದಲ್ಲಿ ಈ ಎಲ್ಲವನ್ನೂ ಒಟ್ಟುಗೂಡಿಸಿತು.

ಇನ್ನು ಹೆಸರಿನ ಮಾತು. ಕನ್ನಡದಲ್ಲಿ ‘ಅನಾಮಧೇಯ’ ಎಂದೊಡನೆ ನೆನಪಾಗುವುದು ಸಹಿಯಿಲ್ಲದ ದೂರಿನ ಪತ್ರ. ಇದು ಅನುವಾದದ ಸಣ್ಣ ತೊಡಕಷ್ಟೇ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಮೂಲದಲ್ಲೇ ಒಂದು ಮುಜುಗರವಿದೆ. ನಮ್ಮ ನೆರೆಯವನು ಅನಾಮಧೇಯನಲ್ಲ. ಅವನಿಗೊಂದು ಹೆಸರಿದೆ, ಮನೆದೇವರಿದೆ, ಸಾವಿನಲ್ಲಿ ಹೇಳಿಕೊಳ್ಳುವ ಪ್ರಾರ್ಥನೆಯಿದೆ. ಹೆಸರಿಲ್ಲದಿರುವುದು ನಮ್ಮ ಲೆಕ್ಕದ ಪುಸ್ತಕದಲ್ಲಿ ಮಾತ್ರ. ಜಪಾನಿನ ಬೌದ್ಧ ತತ್ವಜ್ಞಾನಿ ಕೇಯಿಜಿ ನಿಶಿತಾನಿಯವರು ರಾನರ್ ಅವರನ್ನು ಇದೇ ಜಾಗದಲ್ಲಿ ತಡೆದು ಕೇಳಿದರು: ನಾನು ತಮ್ಮನ್ನು ಅನಾಮಧೇಯ ಬೌದ್ಧರೆಂದು ಕರೆದರೆ ತಮಗೆ ಒಪ್ಪಿಗೆಯೇ? ಅದನ್ನು ಗೌರವವೆಂದೇ ಭಾವಿಸುವೆನೆಂದು ರಾನರ್ ಉತ್ತರಿಸಿದರು. ಪ್ರಸಂಗವನ್ನು ದಾಖಲಿಸಿದವರೂ ಅವರೇ. ಉತ್ತರದಲ್ಲಿ ಸೌಜನ್ಯವಿದೆ. ಆದರೂ ಪ್ರಶ್ನೆಯಲ್ಲಿದ್ದ ಮುಳ್ಳು ಹಾಗೆಯೇ ಉಳಿಯಿತೆಂದು ನಮಗನಿಸುತ್ತದೆ. ಗೌರವಕ್ಕಾಗಿ ಕೊಟ್ಟ ಹೆಸರು ಪಡೆದವನಿಗೆ ಗೌರವವಾಗಿ ಕಾಣದಿದ್ದರೆ ಅದರಿಂದ ಯಾರಿಗೆ ಉಪಯೋಗ? ಕೊಟ್ಟವನ ಮನಸ್ಸಿಗೆ ಸಮಾಧಾನ ತರುವುದಕ್ಕೇ ಅಲ್ಲವೇ? ಹೆನ್ರಿ ದ ಲುಬಾಕರು ಇಲ್ಲೊಂದು ಸೂಕ್ಷ್ಮ ಗೆರೆ ಎಳೆದರು: ಅನಾಮಧೇಯ ಕ್ರೈಸ್ತರು ಇರಬಹುದು, ಅನಾಮಧೇಯ ಕ್ರೈಸ್ತಧರ್ಮವೆಂಬುದಿಲ್ಲ. ಈ ಭೇದವು ನಮ್ಮ ವಿದ್ಯಾರ್ಥಿಗಳ ಉತ್ತರಗಳಲ್ಲಿ ಕಾಣಿಸಿಕೊಂಡರೆ ನಾವು ಸಂತೋಷದಿಂದ ಅಂಕ ಕೊಡುತ್ತೇವೆ.

ಹಾನ್ಸ್ ಉರ್ಸ್ ಫಾನ್ ಬಾಲ್ತಸಾರರ ಆಕ್ಷೇಪ ಇನ್ನೂ ತೀಕ್ಷ್ಣ. 1966ರ ಅವರ ಕಿರುಪುಸ್ತಕಕ್ಕೆ ಹೆಸರು ಕೊಟ್ಟವಳು ಸಂತ ಉರ್ಸುಲಳ ಐತಿಹ್ಯದ ಕೊರ್ದುಲಾ; ಹತ್ಯೆಯ ರಾತ್ರಿ ಹಡಗಿನಲ್ಲಿ ಅಡಗಿ ಕುಳಿತು, ಮರುದಿನ ತಾನಾಗಿಯೇ ಹೊರಬಂದು ರಕ್ತಸಾಕ್ಷಿಯಾದವಳು. ಹೆಸರಿಲ್ಲದೆಯೂ ಕ್ರೈಸ್ತರಾಗಿರಬಹುದಾದರೆ ಆ ಹೆಸರಿಗಾಗಿ ಅವಳೇಕೆ ಹೊರಬರಬೇಕಿತ್ತು? ವಾದ ಮನಮುಟ್ಟುತ್ತದೆ; ಆದರೆ ರಾನರ್ ಅವರಿಗೆ ಪೂರ್ತಿಯಾಗಿ ತಗಲುವುದಿಲ್ಲ. ಕೃಪೆಯು ಸಹಜವಾಗಿಯೇ ಹೆಸರನ್ನೂ ದೇಹವನ್ನೂ ಅರಸುತ್ತದೆ, ಹೊರಬರಲು ತವಕಿಸುತ್ತದೆ ಎಂದು ರಾನರ್ ಅವರೂ ಹೇಳಿದ್ದಾರೆ.

ನಮ್ಮನ್ನು ನಿಜವಾಗಿ ಕಾಡಿದ ತೊಡಕು ಗ್ರಂಥದಿಂದ ಬಂದುದಲ್ಲ. ಹಿಂದೆ ನಾವು ಸೇವೆ ಸಲ್ಲಿಸಿದ ಧರ್ಮಕೇಂದ್ರವೊಂದರಲ್ಲಿ ಕಥೋಲಿಕ ಮಹಿಳೆಯೊಬ್ಬರ ಪತಿ ತೀರಿಕೊಂಡರು. ಅವರು ಹಿಂದೂಗಳು. ಪ್ರತಿ ಭಾನುವಾರ ಪತ್ನಿಯನ್ನು ಸ್ಕೂಟರಿನಲ್ಲಿ ಕರೆತಂದು, ಬಲಿಪೂಜೆ ಮುಗಿಯುವವರೆಗೆ ಅಂಗಳದ ಮರದ ಕೆಳಗೆ ಕಾಯುತ್ತಿದ್ದರು. ಒಳಗೆ ಬನ್ನಿರೆಂದು ನಾವೇ ಎಷ್ಟೋ ಸಲ ಕರೆದಿದ್ದೆವು. ನಗುತ್ತಾ ಕೈಮುಗಿಯುತ್ತಿದ್ದರು, ಬರುತ್ತಿರಲಿಲ್ಲ. ಅಂತ್ಯಕ್ರಿಯೆಯ ಕೆಲವು ದಿನಗಳ ಮೇಲೆ ಆ ತಾಯಿ ಬಂದು, “ಫಾದರ್, ನಮ್ಮ ಯಜಮಾನರು ಈಗ ಎಲ್ಲಿದ್ದಾರೆ?” ಎಂದು ಕೇಳಿದರು.

ಅವರ ಪತಿ ಅನಾಮಧೇಯ ಕ್ರೈಸ್ತರೆಂದು ಆಕೆಗೆ ಹೇಳಲು ನಮ್ಮ ನಾಲಗೆ ಏಳಲಿಲ್ಲ. ಸಂಕೋಚ ಮಾತ್ರ ಕಾರಣವಲ್ಲ. ಪಠ್ಯದಲ್ಲಿ ನಾವು ಕಲಿಸುವ ಉದಾಹರಣೆ ಕ್ರಿಸ್ತರ ಹೆಸರನ್ನೇ ಕೇಳದ ದೂರದ್ವೀಪದ ಮನುಷ್ಯನದು. ನಮ್ಮ ನಾಡಿನ ನೆರೆಯವರು ಅಂಥವರಲ್ಲ. ನಮ್ಮ ಶಾಲೆಗಳಲ್ಲಿ ಓದಿದ್ದಾರೆ. ಸೆಪ್ಟೆಂಬರ್ 8ರಂದು ಬೆಂಗಳೂರಿನ ಶಿವಾಜಿನಗರದಲ್ಲಿ ಮಾತೆಯ ತೇರಿಗೆ ಬರುತ್ತಾರೆ. ವಿವೇಕನಗರದ ಬಾಲಯೇಸುವಿನ ಮುಂದೆ ಮೊಂಬತ್ತಿ ಹಚ್ಚುತ್ತಾರೆ. ಕ್ರಿಸ್ತರನ್ನು ಕೇಳಿಬಲ್ಲರು, ದೀಕ್ಷಾಸ್ನಾನ ಪಡೆಯಲೊಲ್ಲರು. ಅಪರಾಧವಿಲ್ಲದ ಅಜ್ಞಾನವೆಂಬ ಆಸರೆ ಇವರಿಗೆ ಉಂಟೇ? ‘ಲೂಮೆನ್ ಜೆನ್ಸಿಯುಂ’ನ 14ನೆಯ ಪರಿಚ್ಛೇದವಂತೂ, ಕ್ರಿಸ್ತರ ಮೂಲಕ ದೇವರೇ ಧರ್ಮಸಭೆಯನ್ನು ಅಗತ್ಯವಾದುದಾಗಿ ಸ್ಥಾಪಿಸಿದರೆಂದು ತಿಳಿದೂ ಅದನ್ನು ಪ್ರವೇಶಿಸಲು ಒಪ್ಪದವರು ಉದ್ಧಾರ ಹೊಂದಲಾರರೆಂದು ಹೇಳುತ್ತದೆ.

ಎಲ್ಲವೂ ನಿಂತಿರುವುದು ‘ತಿಳಿದೂ’ ಎಂಬ ಒಂದು ಪದದ ಮೇಲೆ. ಬಲಿಪೂಜೆಯ ವೇಳೆಯನ್ನು ತಿಳಿಯುವುದು ಆ ತಿಳಿವಲ್ಲ. ಶುಭಸಂದೇಶದ ಕಥೆಗಳನ್ನು ಶಾಲೆಯಲ್ಲಿ ಕೇಳಿರುವುದೂ ಅಲ್ಲ. ಇದು ಸತ್ಯ, ಇದಕ್ಕೆ ನಾನು ಬದ್ಧನೆಂದು ಅಂತಃಸಾಕ್ಷಿ ಕಂಡುಕೊಂಡ ಮೇಲೂ ಬೆನ್ನು ತಿರುಗಿಸಿದವನ ಬಗ್ಗೆ ಮಹಾಸಭೆ ಮಾತನಾಡುತ್ತಿದೆ. ಈ ವಿವೇಚನೆ ಹೊಸದೇನಲ್ಲ. ಸಾಲಮಾಂಕದ ಡೊಮಿನಿಕನ್ ಆಚಾರ್ಯ ಫ್ರಾನ್ಸಿಸ್ಕೊ ದೆ ವಿತೋರಿಯಾ 1539ರಲ್ಲಿಯೇ ಅಮೆರಿಕದ ಮೂಲನಿವಾಸಿಗಳ ಕುರಿತ ತಮ್ಮ ಉಪನ್ಯಾಸದಲ್ಲಿ ಇದನ್ನು ಎತ್ತಿದ್ದರು. ವಿಶ್ವಾಸವನ್ನು ಬಾಯಿಮಾತಿನಲ್ಲಿ ಸಾರಿದ ಮಾತ್ರಕ್ಕೆ ಕೇಳಿದವರು ಅದಕ್ಕೆ ಬದ್ಧರಾಗುವುದಿಲ್ಲ. ನಂಬಲು ತಕ್ಕ ಕಾರಣಗಳು ಬೇಕು, ಸಾರುವವರ ಬಾಳಿನ ನಿದರ್ಶನ ಬೇಕು. ಆದರೆ ತಮ್ಮ ಕಿವಿಗೆ ಬೀಳುತ್ತಿರುವುದು ಹಗರಣಗಳು, ಕ್ರೂರ ಅಪರಾಧಗಳು ಎಂದು, ತಮ್ಮ ದೇಶದವರೇ ಅಲ್ಲಿ ಆಳುತ್ತಿದ್ದಾಗ, ಅವರು ನುಡಿದರು. ವಿಶ್ವಾಸಿಸದವನ ಮೇಲಿದ್ದ ಹೊರೆಯನ್ನು ಅವರು ಸಾರುವವನ ಹೆಗಲಿಗೂ ಏರಿಸಿದರು.

ರಾನರ್ ಈ ಬಾಗಿಲವರೆಗೆ ಬಂದಿದ್ದರು. ಶುಭಸಂದೇಶವು ಒಬ್ಬ ಮನುಷ್ಯನ ಬಾಳನ್ನು ನಿಜವಾಗಿ ಮುಟ್ಟುವ ಕ್ಷಣದವರೆಗೆ ಅವನ ಧರ್ಮವು ಅವನಿಗೆ ನ್ಯಾಯಸಮ್ಮತ ಮಾರ್ಗವಾಗಿರಬಲ್ಲದೆಂದು ಅವರು 1961ರಲ್ಲಿ ವಾದಿಸಿದರು. ಆದರೆ ಆ ಕ್ಷಣ ಯಾವಾಗ ಬರುತ್ತದೆ, ನಮ್ಮ ನಡತೆಯೇ ಅದನ್ನು ಎಷ್ಟರಮಟ್ಟಿಗೆ ತಡೆಯಬಲ್ಲದು ಎಂಬ ಕಡೆಗೆ ಅವರ ಸಿದ್ಧಾಂತ ಸಾಕಷ್ಟು ಹೊರಳಲಿಲ್ಲ. ಇದು ನಮ್ಮ ಮುಖ್ಯ ಆಕ್ಷೇಪ. ಒಂದೇ ಬಲಿಪೀಠದ ಮುಂದೆ ಜಾತಿಗೊಂದು ಸಾಲು, ಸತ್ತ ಮೇಲೂ ಜಾತಿಗೊಂದು ಸಮಾಧಿಯೆಂಬ ಪದ್ಧತಿ ಭಾರತದ ಧರ್ಮಸಭೆಯಲ್ಲಿ ಇದ್ದುದನ್ನು ಕಂಡ ನೆರೆಯವನಿಗೆ, ಕ್ರಿಸ್ತರಲ್ಲಿ ಯೆಹೂದ್ಯನೆಂದೂ ಗ್ರೀಕನೆಂದೂ ಭೇದವಿಲ್ಲವೆಂಬ ಪೌಲರ ಮಾತು ತಲಪಿತೆಂದು ಯಾರು ಹೇಳಬಲ್ಲರು? ಮರದ ಕೆಳಗೆ ಕಾದು ನಿಂತವರು ಏನನ್ನು ತಿರಸ್ಕರಿಸಿದರು, ಕ್ರಿಸ್ತರನ್ನೋ ನಮ್ಮನ್ನೋ, ಅದು ನಮಗೆ ತಿಳಿಯದು. ಅದೇ 14ನೆಯ ಪರಿಚ್ಛೇದ, ದೇಹದಿಂದ ಮಾತ್ರ ಸಭೆಯೊಳಗಿದ್ದು ಪ್ರೀತಿಯಲ್ಲಿ ನೆಲೆಗೊಳ್ಳದವರಿಗೆ ಉದ್ಧಾರವಿಲ್ಲವೆಂದೂ, ಅವರ ಮೇಲೆ ಹೆಚ್ಚು ಕಠಿಣ ತೀರ್ಪು ಬರುವುದೆಂದೂ ಎಚ್ಚರಿಸುತ್ತದೆ. ಆ ಸಾಲುಗಳನ್ನು ಪರೀಕ್ಷೆಯಲ್ಲಿ ಉದಾಹರಿಸಿದವರನ್ನು ನಾವು ಇನ್ನೂ ಕಂಡಿಲ್ಲ.

ಆದುದರಿಂದ ರಾನರ್ ಅವರ ಆಧಾರವನ್ನು ನಾವು ಒಪ್ಪುತ್ತೇವೆ, ಅವರಿತ್ತ ಹೆಸರನ್ನು ಒಪ್ಪುವುದಿಲ್ಲ. ಕೃಪೆ ಎಲ್ಲರನ್ನೂ ಅರಸುತ್ತದೆಯೆಂಬುದು ದೇವರ ಕುರಿತ ಮಾತು. ಅದನ್ನು ಶುಭಸಂದೇಶವೇ ನಮಗೆ ಕೊಟ್ಟಿದೆ. ಇಂಥವನು ಅನಾಮಧೇಯ ಕ್ರೈಸ್ತನೆಂಬುದು ನೆರೆಯವನ ಕುರಿತ ತೀರ್ಪು. ಅದು ಶಿಕ್ಷೆಯ ತೀರ್ಪಿನಷ್ಟೇ ನಮ್ಮ ಅಧಿಕಾರಕ್ಕೆ ಮೀರಿದ್ದು. ಎರಡರ ನಡುವೆ ನಿಲ್ಲುವುದು ಭರವಸೆ. ರಾನರ್ ಅವರನ್ನು ಅಷ್ಟು ಕಟುವಾಗಿ ಟೀಕಿಸಿದ ಬಾಲ್ತಸಾರರೇ 1986ರಲ್ಲಿ ಸಕಲರ ಉದ್ಧಾರಕ್ಕಾಗಿ ಭರವಸೆಯಿಡಬಹುದೆಂದು ಬರೆದರು. 2007ರಲ್ಲಿ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು ದೀಕ್ಷಾಸ್ನಾನವಿಲ್ಲದೆ ತೀರಿದ ಶಿಶುಗಳ ಬಗ್ಗೆ ಬರೆದಾಗಲೂ ಖಚಿತ ಜ್ಞಾನದ ಮಾತನ್ನಾಡದೆ ಭರವಸೆಯ ಮಾತನ್ನೇ ಆಡಿತು.

ಭರವಸೆಯೆಂದರೆ ಮಸುಕು ಮಾತಲ್ಲವೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಧರ್ಮಸಭೆಯ ಕಾನೂನು ಸಂಹಿತೆಯ 901ನೆಯ ವಿಧಿಯನ್ನು ಅವರಿಗೆ ತೋರಿಸುತ್ತೇವೆ: ಜೀವಂತರಿರಲಿ ಮೃತರಿರಲಿ, ಯಾರಿಗಾಗಿಯಾದರೂ ಬಲಿಪೂಜೆಯನ್ನು ಅರ್ಪಿಸಲು ಗುರುವು ಸ್ವತಂತ್ರನು. ದೀಕ್ಷಾಸ್ನಾನ ಪಡೆದವರಿಗೆ ಮಾತ್ರವೆಂಬ ನಿರ್ಬಂಧ ಅಲ್ಲಿಲ್ಲ. ನಾಶವಾದನೆಂದು ನಿಶ್ಚಯವಾಗಿ ತಿಳಿದವನಿಗಾಗಿ ಯಾರೂ ಬಲಿಯರ್ಪಿಸುವುದಿಲ್ಲ. ನಾಲ್ಕನೆಯ ಪರಮಪ್ರಸಾದ ಪ್ರಾರ್ಥನೆಯೂ, ಯಾರ ವಿಶ್ವಾಸವನ್ನು ದೇವರೊಬ್ಬರೇ ಬಲ್ಲರೋ ಆ ಮೃತರನ್ನು ಸ್ಮರಿಸುತ್ತದೆ.

ಆ ತಾಯಿಗೆ ನಾವು ಹೇಳಿದ್ದು ಇಷ್ಟೇ: “ಎಲ್ಲಿದ್ದಾರೆಂದು ನನಗೆ ಗೊತ್ತಿಲ್ಲಮ್ಮ. ನವೆಂಬರ್ 2ರ ಪೂಜೆಗೆ ಅವರ ಹೆಸರು ಬರೆದುಕೊಡಿ.” ಆಕೆ ಚೀಟಿಯಲ್ಲಿ ಪತಿಯ ಹೆಸರನ್ನು, ಅವರ ತಂದೆಯ ಹೆಸರಿನೊಡನೆ, ಪೂರ್ತಿಯಾಗಿ ಬರೆದುಕೊಟ್ಟರು. ನಾವು ಬಲಿಪೀಠದಲ್ಲಿ ಅದನ್ನು ಓದಿದೆವು.